ಅಪ್‌ಡೇಟ್: ಮೆಲ್ಬರ್ನ್‌ನಲ್ಲಿ ತಂಗಿಗೆ ಕೆಲಸ ಸಿಕ್ಕಿತು

ಮಾಸ್ಟರ್ಸ್ ಮುಗಿಸಿ 485 ವೀಸಾದಲ್ಲಿ (ಆಸ್ಟ್ರೇಲಿಯಾದಲ್ಲಿ ಓದು ಮುಗಿಸಿದವರಿಗೆ ಅಲ್ಲೇ ಕೆಲವು ವರ್ಷ ಕೆಲಸ ಮಾಡಲು ಕೊಡುವ ವೀಸಾ) ಮೆಲ್ಬರ್ನ್‌ನಲ್ಲಿರುವ ತಂಗಿಗೆ ಇಂಟರ್‌ವ್ಯೂ ಕರೆಗಳೇ ಬರುತ್ತಿಲ್ಲ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆ. ಈಗ ಒಂದು ಸಣ್ಣ ಸಿವಿಲ್ ಎಂಜಿನಿಯರಿಂಗ್ ಕಂಪನಿಗೆ ಸೇರಿದ್ದಾಳೆ. ರಾಜಾಜಿನಗರದ ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿಯೋ ಖುಷಿ.

ವೀಸಾ ವಿಷಯ ರೆಸ್ಯೂಮೆಯಲ್ಲೇ ಬರೆಯಲಿ ಅಂತ ನೀವು ಕೊಟ್ಟ ಸಲಹೆ ತುಂಬಾ ಕೆಲಸಕ್ಕೆ ಬಂತು. ವೀಸಾ ಅಂದ ಕೂಡಲೇ ತಾವೇ ಸ್ಪಾನ್ಸರ್ ಮಾಡಬೇಕೇನೋ ಅಂತ ಎಷ್ಟೋ ಕಂಪನಿಯವರು ಹಿಂದೆ ಸರಿಯುತ್ತಾರೆ. 485ಕ್ಕೆ ಅದು ಬೇಕಾಗಿಯೇ ಇಲ್ಲ. ಅದಕ್ಕೆ ರೆಸ್ಯೂಮೆಯಲ್ಲಿ ಫೋನ್ ನಂಬರ್ ಕೆಳಗೇ ಒಂದು ಸಾಲು ಸೇರಿಸಿದಳು: "2028ರವರೆಗೆ ಫುಲ್‌ಟೈಮ್ ಕೆಲಸ ಮಾಡಬಹುದು, ಸ್ಪಾನ್ಸರ್ ಬೇಡ." ಭಾರತದ ಪಾಸ್‌ಪೋರ್ಟ್ ಇದ್ದರೆ ಮಾಸ್ಟರ್ಸ್ ನಂತರ ಈ ವೀಸಾ 3 ವರ್ಷಕ್ಕೆ ಸಿಗುತ್ತದೆ, ಇದನ್ನು ಇಂಟರ್‌ವ್ಯೂನಲ್ಲೂ ಹೇಳಿದಳು. ಮೂರು ವರ್ಷ ಅಂದರೆ ಕಂಪನಿಯವರಿಗೂ ಧೈರ್ಯ ಬರುತ್ತೆ, ಅಲ್ವಾ?

ವಯಸ್ಸಿನ ಬಗ್ಗೆ ಕೇಳಿದ್ದವರಿಗೆ: 2024ರ ಜುಲೈಯಿಂದ 485ಕ್ಕೆ ಅರ್ಜಿ ಹಾಕುವಾಗ ಸಾಮಾನ್ಯವಾಗಿ ವಯಸ್ಸು 35 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ತಡ ಮಾಡಬೇಡಿ.

ಮುಂದೆ ಕಂಪನಿ ಸ್ಪಾನ್ಸರ್ ಮಾಡುವ 482 ವೀಸಾಕ್ಕೆ ಅದೇ ಕೆಲಸದಲ್ಲಿ ಒಂದು ವರ್ಷದ ಅನುಭವ ಬೇಕು. ಹಾಗಾಗಿ ಮೊದಲ ತಿಂಗಳಿಂದಲೇ ಪೇಸ್ಲಿಪ್ ಎಲ್ಲ ಜೋಪಾನವಾಗಿ ಇಟ್ಟುಕೋ ಅಂತ ಅವಳಿಗೆ ಹೇಳಿದ್ದೇನೆ. ಸಹಾಯ ಮಾಡಿದ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.