ಸಹಾಯ ಬೇಕು: ‘ದ ಗನ್ಸ್ ಆಫ್ ನವರೋನ್’ ಪುಸ್ತಕ ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ಅಲಿಸ್ಟೇರ್ ಮೆಕ್ಲೀನ್ ಅವರ 1957ರ ಈ ಕಾದಂಬರಿ ತುರ್ತಾಗಿ ಬೇಕಿತ್ತು. ಅಪ್ಪನ ಟ್ರಂಕಿನಲ್ಲಿದ್ದ ಪ್ರತಿಯ ಕೊನೆಯ ಪುಟಗಳನ್ನು ಗೆದ್ದಲು ತಿಂದಿದೆ, ಮುಟ್ಟಿದರೆ ಮಣ್ಣು ಉದುರುತ್ತದೆ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ, ಹಾಗಾಗಿ ದಿನಾ ರಾತ್ರಿ ನಾನೇ ಓದಿ ಹೇಳುತ್ತಿದ್ದೆ. ಕಥಾನಾಯಕ ಮ್ಯಾಲರಿ ಕತ್ತಲಲ್ಲಿ, ಮಳೆಯಲ್ಲಿ ಆ ಕಡಿದಾದ ಬಂಡೆ ಹತ್ತುವಾಗ ಅಪ್ಪ ಮಂಚದ ಅಂಚು ಬಿಗಿಯಾಗಿ ಹಿಡಿದು ಕೂತಿದ್ದರು. ಕೇರೋಸ್ ದ್ವೀಪದಲ್ಲಿ ಸಿಕ್ಕಿಬಿದ್ದ 1,200 ಸೈನಿಕರು ಉಳಿಯಬೇಕಾದರೆ ಐದೇ ಜನ ಹೋಗಿ ಜರ್ಮನ್ ಫಿರಂಗಿಗಳನ್ನು ಸಿಡಿಸಬೇಕು, ಸರಿಯಾಗಿ ಅಲ್ಲಿಗೇ ಕಥೆ ನಿಂತಿದೆ! 1961ರ ಸಿನಿಮಾ ಹಾಕಲಾ ಅಂದರೆ ಬೇಡ, ಪುಸ್ತಕವೇ ಓದು ಅಂತಾರೆ. ಎರಡು ದಿನಕ್ಕೆ ಕೊಟ್ಟರೂ ಸಾಕು. ಬೆಂಗಳೂರಲ್ಲಾದರೆ ನಾನೇ ಬಂದು ತಗೊಂಡು ಹೋಗಿ, ಜೋಪಾನವಾಗಿ ವಾಪಸ್ ಕೊಡುತ್ತೇನೆ. ಕನ್ನಡ ಅನುವಾದ ಯಾರಾದರೂ ನೋಡಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.