ಪದಚರ್ಚೆ: ಹರಾಜಿನ ‘ರಿಸರ್ವ್’ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಬಳಗದ ಎಲ್ಲರಿಗೂ ನಮಸ್ಕಾರ.

ವಾರಪತ್ರಿಕೆಯೊಂದಕ್ಕೆ ಅಮೆರಿಕದ ಹಳೆಯ ಕಾರುಗಳ ಹರಾಜಿನ ಬಗ್ಗೆ ಲೇಖನ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ಬರುವುದು 1971ರ ಪ್ಲಿಮತ್ ‘ಹೆಮಿ ಕೂಡಾ’ ಎಂಬ ಕಾರು, ಚಾವಣಿ ಮಡಚುವ ಮಾದರಿ. ಆ ವರ್ಷ ಅಂಥವು ಒಂದು ಡಜನ್‌ಗಿಂತ ಹೆಚ್ಚು ತಯಾರಾಗಲಿಲ್ಲ. ಅವುಗಳಲ್ಲೊಂದನ್ನು 2021ರಲ್ಲಿ ಮೀಕಮ್ ಸಂಸ್ಥೆ ಇಂಡಿಯಾನಾಪೊಲಿಸ್‌ನಲ್ಲಿ ಹರಾಜಿಗಿಟ್ಟಿತು. ಸವಾಲು 48 ಲಕ್ಷ ಡಾಲರ್‌ವರೆಗೆ ಏರಿತು. ಆದರೂ ಕಾರು ಮಾರಾಟವಾಗಲಿಲ್ಲ, ರಿಸರ್ವ್ ಮುಟ್ಟಲಿಲ್ಲ. ರಿಸರ್ವ್ ಎಂದರೆ ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಮಾಲೀಕರು ಮೊದಲೇ ಗೊತ್ತುಮಾಡಿದ ಬೆಲೆ. ಸಂಪಾದಕರು ‘ಮೂಲ ಬೆಲೆ’ ಸಾಕು ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಇಂಥ ಕಾರುಗಳ ವರ್ಗಕ್ಕೆ ಇಂಗ್ಲಿಷಿನಲ್ಲಿರುವ ‘ಮಸಲ್ ಕಾರ್’ ಎಂಬ ಹೆಸರಿಗೂ ಒಂದು ಪದ ಬೇಕು. ‘ಸ್ನಾಯು ಕಾರು’ ಎಂದು ಬರೆಯಲು ಕೈ ಬರುತ್ತಿಲ್ಲ.

ಅನುವಾದಕಿ, ಮೈಸೂರು

* * *

ಮೇಡಂ, ‘ಮೂಲ ಬೆಲೆ’ ಖಂಡಿತ ಬೇಡ. ಐಪಿಎಲ್ ಆಟಗಾರರ ಹರಾಜಿನಿಂದ ಅದು ಎಲ್ಲರ ಬಾಯಲ್ಲೂ ಕೂತಿದೆ, ಕೂಗು ಶುರುವಾಗುವ ಬೆಲೆ ಎಂದೇ ಓದುಗರಿಗೆ ಗೊತ್ತು. ನಿಮ್ಮ ಕಾರಿನ ಸಂಗತಿ ಬೇರೆ. ಅಲ್ಲಿ ಕೂಗು ಎಷ್ಟೋ ಕೆಳಗಿನಿಂದ ಶುರುವಾಗುತ್ತದೆ. ಮಾಲೀಕರ ಬೆಲೆ ಹರಾಜು ಸಂಸ್ಥೆಗೆ ಮಾತ್ರ ತಿಳಿದಿರುತ್ತದೆ, ಕೂಗುವವರಿಗೆ ತಿಳಿದಿರುವುದಿಲ್ಲ.

ಬ್ಯಾಂಕುಗಳು ಸಾಲಗಾರರ ಆಸ್ತಿ ಹರಾಜು ಹಾಕುವಾಗ ಪತ್ರಿಕೆಗಳಲ್ಲಿ ಕೊಡುವ ಪ್ರಕಟಣೆ ನೋಡಿ. ‘ಮೀಸಲು ಬೆಲೆ’ ಎಂದು ಅಲ್ಲಿ ಆಗಲೇ ಇದೆ. ಬಳಸಿ, ಮುಗಿಸಿ.

ಧಾರವಾಡ

* * *

‘ಮೀಸಲು’ ಅಚ್ಚಗನ್ನಡ, ಸಂತೋಷ. ಆದರೆ ಅದನ್ನು ಹರಾಜಿಗೆ ತಂದು ಕೆಡಿಸಬೇಡಿ. ದೇವರಿಗೆಂದು ಎತ್ತಿಟ್ಟದ್ದು, ಇನ್ನೊಬ್ಬರು ಮುಟ್ಟಬಾರದ್ದು ಮೀಸಲು. ಮಾಲೀಕನ ಮನಸ್ಸಿನಲ್ಲಿರುವ ಮೊತ್ತ ಯಾವ ದೇವರ ಮೀಸಲು? ‘ತಳಬೆಲೆ’ ಎನ್ನಿ. ಇದಕ್ಕಿಂತ ಕೆಳಗಿಲ್ಲ ಎಂಬ ಅರ್ಥ ಪದದೊಳಗೇ ಇದೆ.

‘ಹರಾಜು’, ‘ಸವಾಲು’ ಎರಡೂ ಅರಬ್ಬಿಯಿಂದ ಬಂದವು. ‘ಕೂಗುಮಾರಾಟ’ ಎಂದರೆ ಯಾರಿಗೆ ತಿಳಿಯುವುದಿಲ್ಲ? ಮಸಲ್ ಕಾರಿಗೆ ‘ಕಸುವಿನ ಬಂಡಿ’. ನಮ್ಮ ಬೇರುಗಳಿಂದ ಪದ ಕಟ್ಟುವ ಅಭ್ಯಾಸವನ್ನೇ ಬಿಟ್ಟರೆ ಭಾಷೆಗೆ ಉಳಿಯುವುದು ವಿಭಕ್ತಿ ಪ್ರತ್ಯಯಗಳಷ್ಟೆ.

ಶಿವಮೊಗ್ಗ

* * *

‘ಕೂಗುಮಾರಾಟ’ ಎಂದರೆ ಬೀದಿಯಲ್ಲಿ ಸೊಪ್ಪು ಕೂಗಿ ಮಾರುವುದು. ಆಗದು.

ಹರಾಜು ಪರಕೀಯವಾದರೆ ಅದರ ಬದಲಿಗೆ ಏನಿದೆ ಎಂದೂ ನೋಡಬೇಕಲ್ಲವೇ? ಉತ್ತರ ಕರ್ನಾಟಕದ ‘ಲಿಲಾವು’ ಪೋರ್ಚುಗೀಸರ ‘ಲೈಲಾಂವ್’. ನಮ್ಮ ಕರಾವಳಿಯ ‘ಏಲಂ’ ಕೂಡ ಅದರದೇ ಇನ್ನೊಂದು ರೂಪ. ಬಹಿರಂಗವಾಗಿ ಬೆಲೆ ಏರಿಸಿ ಮಾರುವ ಪದ್ಧತಿಗೆ ಈ ನಾಡಿನ ಮೂಲೆಮೂಲೆಯಲ್ಲೂ ಹೊರಗಿನ ಪದವೇ ನಿಂತಿದೆ. ದೇವಸ್ಥಾನದ ತೆಂಗಿನಕಾಯಿಯನ್ನೂ ಆ ಪದಗಳಲ್ಲೇ ಮಾರುತ್ತೇವೆ. ಅವು ನಮ್ಮವು.

‘ಕಸುವಿನ ಬಂಡಿ’ ಎಂದರೆ ಓದುಗರು ಟ್ರ್ಯಾಕ್ಟರ್ ಎಂದುಕೊಳ್ಳುತ್ತಾರೆ. ಮಸಲ್ ಕಾರು ಎಂದರೆ ಬಲಿಷ್ಠವಾದ ಯಾವುದೋ ಕಾರಲ್ಲ. ಸಾಮಾನ್ಯ ಅಮೆರಿಕನ್ ಎರಡು ಬಾಗಿಲಿನ ಕಾರಿಗೆ ಅಳತೆ ಮೀರಿದ, ಎಂಟು ಸಿಲಿಂಡರಿನ ವಿ–8 ಎಂಜಿನ್ ಕೂರಿಸಿ, ಕೊಳ್ಳಬಹುದಾದ ಬೆಲೆಗೆ ಮಾರಿದ ಒಂದು ಕಾಲದ ವರ್ಗ ಅದು. 1964ರ ಪಾಂಟಿಯಾಕ್ ಜಿಟಿಒದಿಂದ ಅದರ ಲೆಕ್ಕ ಹಿಡಿಯುವುದು ವಾಡಿಕೆ. ವರ್ಗದ ಹೆಸರನ್ನು ಅನುವಾದಿಸಬಾರದು. ಮಸಲ್ ಕಾರು ಎಂದೇ ಇರಲಿ.

ಅಂದ ಹಾಗೆ, ‘ಹೆಮಿ’ ಎಂದರೆ ಅರೆ. ಹೆಮಿ ಕೂಡಾದ 426 ಘನ ಅಂಗುಲದ, ಎಂದರೆ ಸುಮಾರು 7 ಲೀಟರಿನ ಎಂಜಿನ್‌ನಲ್ಲಿ ಇಂಧನ ಉರಿಯುವ ಕೋಣೆ ಅರೆಗೋಳದ ಆಕಾರದ್ದು. ಗ್ರೀಕಿನ ಈ ‘ಹೆಮಿ’ಯೂ ಅರೆ ಎಂದೇ ಅರ್ಥವಿರುವ ಸಂಸ್ಕೃತದ ‘ಸಾಮಿ’ಯೂ ಒಂದೇ ಬೇರಿನವು.

ಮಂಗಳೂರು

* * *

‘ಸಾಮಿ’ ಇಲ್ಲಿ ಅಪ್ರಸ್ತುತ. ಮೇಡಂಗೆ ನಾಳೆ ಬೆಳಿಗ್ಗೆ ಪದ ಬೇಕು.

‘ತಳಬೆಲೆ’ಯ ತೊಂದರೆ ಹೇಳುತ್ತೇನೆ. ಈ ಬೆಲೆಯನ್ನು ಮಾಲೀಕರು ಹರಾಜಿನ ನಡುವೆಯೇ ಬಿಟ್ಟುಕೊಡಬಹುದು. ಕೂಗು ಹತ್ತಿರ ಬಂದು ನಿಂತಾಗ ಸಂಸ್ಥೆಯವರು ಮಾಲೀಕರ ಕಿವಿಯಲ್ಲಿ ಮಾತಾಡುತ್ತಾರೆ, ಅವರು ತಲೆಯಾಡಿಸಿದರೆ ‘ರಿಸರ್ವ್ ತೆಗೆದಿದೆ’ ಎಂದು ಸಾರುತ್ತಾರೆ. ಆ ಕ್ಷಣದಿಂದ ಅತಿ ಹೆಚ್ಚು ಕೂಗಿದವರಿಗೆ ಕಾರು ಖಚಿತ, ಅದಕ್ಕೇ ಕೂಗು ಮತ್ತೆ ಚುರುಕಾಗುತ್ತದೆ. ‘ಮೀಸಲು ಬಿಟ್ಟರು’ ಎಂದರೆ ಇದು ಸಲೀಸಾಗಿ ಬರುತ್ತದೆ. ‘ತಳ ತೆಗೆದರು’ ಎಂದರೆ ಏನರ್ಥ? ‘ಮೀಸಲು ಮುರಿದರು’ ಎಂದು ಮಾತ್ರ ಬರೆಯಬೇಡಿ. ಮೈಲಿಗೆಯ ಅರ್ಥ ಬಂದುಬಿಡುತ್ತದೆ, ಆ ಮಟ್ಟಿಗೆ ಶಿವಮೊಗ್ಗದವರ ಮಾತು ಸರಿ.

ಧಾರವಾಡದವರು ಹೇಳದೆ ಬಿಟ್ಟ ಒಂದು ವ್ಯತ್ಯಾಸವಿದೆ. ಬ್ಯಾಂಕಿನ ಮೀಸಲು ಬೆಲೆ ಪ್ರಕಟಣೆಯಲ್ಲೇ ಅಚ್ಚಾಗಿರುತ್ತದೆ, ಅದಕ್ಕಿಂತ ಕೆಳಗೆ ಬಿಡ್ ಹಾಕುವಂತಿಲ್ಲ. ಕಾರಿನದು ಗುಟ್ಟು, ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಹೇಳುವ ಬೆಲೆಯಂತೆ. ಆದ್ದರಿಂದ ಮೊದಲ ಸಲ ‘ಮಾಲೀಕರ ಗುಟ್ಟಿನ ಮೀಸಲು ಬೆಲೆ’ ಎಂದು ಬರೆದು, ಮುಂದೆ ‘ಮೀಸಲು’ ಎಂದಷ್ಟೇ ಬಳಸಿ.

ತುಮಕೂರು

* * *

ಗುಟ್ಟಾಗಲಿ ಬಯಲಾಗಲಿ, ‘ತಳಬೆಲೆ’ಯನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಬ್ಯಾಂಕಿನ ಪ್ರಕಟಣೆಗಳು ಕನ್ನಡಕ್ಕೆ ಪ್ರಮಾಣವಾದದ್ದು ಯಾವಾಗ?

ಶಿವಮೊಗ್ಗ

* * *

ಎಲ್ಲರಿಗೂ ಕೃತಜ್ಞತೆ. ತುಮಕೂರಿನವರ ಸಲಹೆಯಂತೆ ‘ಗುಟ್ಟಿನ ಮೀಸಲು ಬೆಲೆ’ ಹಾಕಿದ್ದೇನೆ, ಮಸಲ್ ಕಾರನ್ನು ಹಾಗೆಯೇ ಬಿಟ್ಟಿದ್ದೇನೆ. ಇನ್ನೊಂದೇ ಸಂದೇಹ. ನಟ ಸ್ಟೀವ್ ಮ್ಯಾಕ್ವೀನ್ ಚಿತ್ರವೊಂದರಲ್ಲಿ ಓಡಿಸಿದ 1968ರ ಮಸ್ಟಾಂಗ್ ಕಾರು 2020ರ ಜನವರಿಯಲ್ಲಿ ಫ್ಲಾರಿಡಾದ ಕಿಸಿಮಿಯಲ್ಲಿ ಮೀಸಲು ಇಲ್ಲದೆ ಹರಾಜಾಯಿತು. ಕೂಗು 3,500 ಡಾಲರಿನಿಂದ ಶುರುವಾಗಿತ್ತು. ಮಾರಿದ ಬೆಲೆ ಒಂದು ಕಡೆ 34 ಲಕ್ಷ ಡಾಲರ್ ಎಂದಿದೆ, ಇನ್ನೊಂದು ಕಡೆ 37.4 ಲಕ್ಷ. ಯಾವುದನ್ನು ಇಡಲಿ?

ಅನುವಾದಕಿ, ಮೈಸೂರು

* * *

ಎರಡೂ ಸರಿ. ಹರಾಜು ಮುಗಿಸುವ ಸುತ್ತಿಗೆ ಬಿದ್ದದ್ದು 34 ಲಕ್ಷಕ್ಕೆ. ಅದರ ಮೇಲೆ ಕೊಂಡವರು ಹರಾಜು ಸಂಸ್ಥೆಗೆ ಕೊಡುವ ನೂರಕ್ಕೆ ಹತ್ತರ ಕಮಿಷನ್ ಸೇರಿದರೆ 37.4 ಲಕ್ಷ. ‘ಸವಾಲು 34 ಲಕ್ಷಕ್ಕೆ ನಿಂತಿತು, ಕಮಿಷನ್ ಸೇರಿ ಕೊಂಡವರು ತೆತ್ತದ್ದು 37.4 ಲಕ್ಷ’ ಎಂದು ಬರೆಯಿರಿ. ‘ಸುತ್ತಿಗೆ ಬೆಲೆ’ ಎಂದು ಹೊಸ ಪದ ಕಟ್ಟುವ ಅಗತ್ಯವಿಲ್ಲ. ಸವಾಲು ನಿಲ್ಲುವುದು ಎಂಬ ಮಾತು ನಮ್ಮಲ್ಲಿದೆ.

ತುಮಕೂರು