ಕಿವಿ ಕೆಳಗಿನ ಗಂಟು: ಆಪರೇಷನ್ ಮಾಡಿಸಿಕೊಂಡವರು ದಯವಿಟ್ಟು ಹೇಳಿ

ಪ್ರಶ್ನೆ: ನಮ್ಮ ಅಮ್ಮನಿಗೆ 54 ವರ್ಷ. ಎಡಗಿವಿ ಕೆಳಗೆ ನಿಂಬೆಹಣ್ಣಿನಷ್ಟು ಗಂಟಿದೆ, ನೋವಿಲ್ಲ. ಸೂಜಿ ಪರೀಕ್ಷೆಯಲ್ಲಿ ಪ್ಲಿಯೊಮಾರ್ಫಿಕ್ ಅಡೆನೋಮಾ ಎಂದು ಬಂದಿದೆ, ಕ್ಯಾನ್ಸರ್ ಅಲ್ಲವಂತೆ. ಡಾಕ್ಟರು ಆಪರೇಷನ್ ಆಗಲೇಬೇಕು ಅಂದಿದ್ದಾರೆ. ಬಾಯಿ ಸೊಟ್ಟ ಆಗುತ್ತದೆ ಎಂದು ನೆಂಟರು ಹೆದರಿಸಿ, ಈಗ ಅಮ್ಮ ಬೇಡವೇ ಬೇಡ ಅಂತಿದ್ದಾರೆ. ಹಾಗೇ ಬಿಟ್ಟರೆ ಆಗಲ್ವಾ?

ಉತ್ತರ 1: ನನಗೂ ಇದೇ ಗಂಟು ಇತ್ತು, ಬಲಗಡೆ. ಬಿಡಬೇಡಿ, ಮಾಡಿಸಿ. ಕ್ಯಾನ್ಸರ್ ಅಲ್ಲ ಅನ್ನುವುದು ನಿಜ. ಆದರೆ ಇದು ತಾನಾಗಿ ಕರಗುವುದಿಲ್ಲ, ನಿಧಾನಕ್ಕೆ ಬೆಳೆಯುತ್ತಲೇ ಇರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ. ದೊಡ್ಡದಾದಷ್ಟೂ ಆಪರೇಷನ್ನೂ ಕಷ್ಟ.

ಮಂಗನಬಾವು ಬಂದಾಗ ಊದಿಕೊಳ್ಳುತ್ತದಲ್ಲ, ಎಂಜಲು ಬರಿಸುವ ಅದೇ ಪರೋಟಿಡ್ ಗ್ರಂಥಿ ಇದು. ಮುಖವನ್ನು ಆಡಿಸುವ ನರ ಇದರ ಒಳಗೇ ಹಾದು ಐದು ಕವಲಾಗಿ ಹಣೆ, ಕಣ್ಣು, ಕೆನ್ನೆ, ತುಟಿ, ಕತ್ತಿಗೆ ಹೋಗುತ್ತದೆ. ನೆಂಟರ ಭಯಕ್ಕೆ ಕಾರಣ ಇದೇ. ಸರ್ಜನ್ ಮೊದಲು ಆ ನರವನ್ನು ಹುಡುಕಿ ಬಿಡಿಸಿಕೊಳ್ಳುತ್ತಾರೆ. ಆಮೇಲೆ ಅದರ ಮೇಲಿರುವ ಗ್ರಂಥಿಯ ಭಾಗವನ್ನು ಗಂಟಿನ ಸಮೇತ ತೆಗೆಯುತ್ತಾರೆ. ಗಂಟನ್ನಷ್ಟೇ ಕೆದಕಿ ತೆಗೆಸಬೇಡಿ. ಅದರ ಪೊರೆ ತುಂಬ ತೆಳು. ಒಡೆದು ಚೆಲ್ಲಿದರೆ ಎಷ್ಟೋ ವರ್ಷದ ಮೇಲೆ ಅದೇ ಜಾಗದಲ್ಲಿ ಚಿಕ್ಕ ಚಿಕ್ಕ ಗಂಟುಗಳು ಏಳಬಹುದು, ಆಗ ನರ ಉಳಿಸುವುದು ಬಹಳ ಕಷ್ಟ. 'ಸಣ್ಣ ಗಂಟು, ಇಲ್ಲೇ ಮರಗಟ್ಟಿಸಿ ತೆಗೆದುಬಿಡೋಣ' ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಲೇಪ, ಶಾಖ ಅಂತ ಕಾಲ ಕಳೆಯುವುದೂ ಬೇಡ.

ನನಗೆ ಎಚ್ಚರ ಆದ ಕೂಡಲೇ ಡಾಕ್ಟರು 'ಕಣ್ಣು ಬಿಗಿಯಾಗಿ ಮುಚ್ಚಿ, ಈಗ ಹಲ್ಲು ತೋರಿಸಿ' ಅಂದರು. ಕಣ್ಣು ಸರಿಯಾಗಿ ಮುಚ್ಚಿತು. ಕೆಳತುಟಿ ಮಾತ್ರ ಬಲಗಡೆ ಆಡುತ್ತಿರಲಿಲ್ಲ, ನಕ್ಕರೆ ಓರೆ. ಒಂದೆರಡು ತಿಂಗಳಲ್ಲಿ ಸರಿಹೋಯಿತು. ನರ ತುಂಡಾಗದೆ ಬರೀ ಎಳೆತಕ್ಕೆ ಸಿಕ್ಕಿ ಸೋತಿದ್ದರೆ ಹೆಚ್ಚಿನವರಿಗೆ ವಾಪಸ್ ಬರುತ್ತದೆ. ಕಿವಿಯ ಹಾಲೆಗೆ ಮಾತ್ರ ಇನ್ನೂ ಸ್ಪರ್ಶ ಗೊತ್ತಾಗುವುದಿಲ್ಲ. ಓಲೆಯ ತಿರುಪು ಹಾಕಲು ಕನ್ನಡಿ ಬೇಕು. ಅಷ್ಟೇ ತೊಂದರೆ. ಅಮ್ಮನಿಗೆ ಇದನ್ನೇ ಹೇಳಿ.

ಉತ್ತರ 2: ಒಂದು ಮಾತು ಸೇರಿಸುತ್ತೇನೆ. ನಮ್ಮ ಯಜಮಾನರಿಗೆ ಆಪರೇಷನ್ ಆಗಿ ಕೆಲವು ತಿಂಗಳ ಮೇಲೆ ಊಟಕ್ಕೆ ಕೂತರೆ ಸಾಕು, ಆ ಕೆನ್ನೆ ಕೆಂಪಾಗಿ ಬೆವರಲು ಶುರುವಾಯಿತು. ಹುಳಿ ಸಾರಿಗೆ ಜಾಸ್ತಿ. ಎಂಜಲು ಬರಿಸುವ ನರದ ಎಳೆಗಳು ಮತ್ತೆ ಬೆಳೆಯುವಾಗ ದಾರಿ ತಪ್ಪಿ ಬೆವರಿನ ಗ್ರಂಥಿಗೆ ಸೇರಿಕೊಳ್ಳುತ್ತವಂತೆ. ಫ್ರೇ ಸಿಂಡ್ರೋಮ್ ಅಂತಾರೆ. ಅಪಾಯವಿಲ್ಲ. ತೀರಾ ಕಿರಿಕಿರಿ ಆದರೆ ಬೊಟಾಕ್ಸ್ ಇಂಜೆಕ್ಷನ್ ಕೊಡುತ್ತಾರೆ. ಮೊದಲೇ ಗೊತ್ತಿದ್ದರೆ ಗಾಬರಿ ಆಗಲ್ಲ.

ಉತ್ತರ 3: ನಮ್ಮ ತಂದೆಯವರದು ದವಡೆ ಕೆಳಗಿನ ಎಂಜಲು ಗ್ರಂಥಿ, ಅದರಲ್ಲಿ ಮ್ಯೂಕೋಎಪಿಡರ್ಮಾಯ್ಡ್ ಅನ್ನುವ ಕ್ಯಾನ್ಸರ್. ಪರೋಟಿಡ್ ಗಂಟುಗಳಲ್ಲಿ ಸುಮಾರು 80% ಕ್ಯಾನ್ಸರ್ ಅಲ್ಲದ ಸಾಧಾರಣ ಗಂಟುಗಳೇ. ಎಂಜಲು ಗ್ರಂಥಿ ಚಿಕ್ಕದಾದಷ್ಟೂ ಅದರಲ್ಲಿನ ಗಂಟು ಕ್ಯಾನ್ಸರ್ ಆಗಿರುವ ಸಾಧ್ಯತೆ ಹೆಚ್ಚು. ಗಂಟು ಇದ್ದಕ್ಕಿದ್ದಂತೆ ಬೆಳೆದರೆ, ನೋವು ಶುರುವಾದರೆ, ಆಪರೇಷನ್‌ಗೆ ಮುಂಚೆಯೇ ಮುಖ ಸೋತರೆ ಒಂದು ದಿನವೂ ಕಾಯಬೇಡಿ. ಅಪ್ಪನಿಗೆ ಆಪರೇಷನ್ ನಂತರ ರೇಡಿಯೇಷನ್ ಕೊಟ್ಟರು. ಅದಕ್ಕೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಹುಳುಕು ಹಲ್ಲು ತೆಗೆಸಬೇಕಾಯಿತು. ಬಾಯಿ ಒಣಗುವುದು ಇನ್ನೂ ಇದೆ, ಪಕ್ಕದಲ್ಲಿ ಸದಾ ನೀರಿನ ಬಾಟಲಿ.

ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರರನ್ನು ಕಂಡು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಬಗ್ಗೆ ಕೇಳಿ, ಅಡ್ಮಿಟ್ ಆಗುವ ಮೊದಲೇ. ಇನ್ನೊಂದು, ಸೂಜಿ ಪರೀಕ್ಷೆ ಯಾವಾಗಲೂ ನೂರಕ್ಕೆ ನೂರು ಸರಿ ಇರುವುದಿಲ್ಲ. ತೆಗೆದ ಗಂಟಿನ ಬಯಾಪ್ಸಿ ರಿಪೋರ್ಟ್ ತಪ್ಪದೆ ಇಸಿದುಕೊಂಡು ಡಾಕ್ಟರಿಗೆ ತೋರಿಸಿ. ಹೊಲಿಗೆ ಬಿಚ್ಚಿದ ಮೇಲೆ ಎಷ್ಟೋ ಜನ ಅದನ್ನು ಕೇಳುವುದೇ ಇಲ್ಲ.